ಸಾವಿರದಲ್ಲಿ ಒಂದು

"ಒಂದು ಅಂದ್ರೆ ಎಷ್ಟು ಡಾಕ್ಟ್ರೇ?"

ವೈದ್ಯರು ಕಾಗದದಿಂದ ತಲೆಯೆತ್ತಿದರು. "ಒಂದು ಅಂದ್ರೆ ಒಂದೇ ಅಮ್ಮಾ. ನಿಮ್ಮ ರಕ್ತದ ಸಾವಿರ ಜೀವಕೋಶ ನೋಡಿದಾರೆ. ಒಂದರಲ್ಲಿ ಮಾತ್ರ ವರ್ಣತಂತು ಮುರಿದು ಅಡ್ಡಾದಿಡ್ಡಿ ಬೆಸೆದಿದೆ. ಎಕ್ಸ್‌ರೇ ಕೋಣೆ ಮುಖಾನೇ ನೋಡದವರಲ್ಲೂ ಅಷ್ಟಿರಬಹುದು."

"ಮತ್ತೆ ಆ ಬಿಲ್ಲೆ?"

ಅದೇ ಬಿಡಿಸಲಾಗದ ಗಂಟು. ಹದಿನಾಲ್ಕು ವರ್ಷಗಳಿಂದ ಎಕ್ಸ್‌ರೇ ತೆಗೆಯುತ್ತಿದ್ದ ಅವಳ ಎದೆಯ ಮೇಲೆ, ವಿಕಿರಣ ಅಳೆಯಲೆಂದು ಕೊಕ್ಕೆಯಿಂದ ಸಿಕ್ಕಿಸಿದ ಒಂದು ಚೌಕ ಬಿಲ್ಲೆ ಇರುತ್ತಿತ್ತು. ಈ ಸಲ ಅದು ಮೂರೇ ತಿಂಗಳಲ್ಲಿ ಹತ್ತು ವರ್ಷಕ್ಕಾಗುವಷ್ಟು ನುಂಗಿತ್ತು. ರಕ್ತ ಮಾತ್ರ ತನಗೇನೂ ಗೊತ್ತಿಲ್ಲವೆನ್ನುತ್ತಿತ್ತು.

"ಎಲ್ಲಾದ್ರೂ ಬಿಟ್ಟಿದ್ರಾ, ನೆನಪು ಮಾಡ್ಕೊಳ್ಳಿ. ಕಾರಣ ಬರೆದುಕೊಟ್ರೆ ಮತ್ತೆ ಮಷೀನಿಗೆ. ಇಲ್ದಿದ್ರೆ ಚೀಟಿ ಬರೆಯೋ ಕಿಟಕಿ ಕೆಲಸಕ್ಕೆ."

ಹಳೆಯ ಫಿಲ್ಮ್‌ಗಳ ಕೋಣೆಯಲ್ಲಿ ನೆಲ ಒರೆಸುತ್ತಿದ್ದ ಆಯಾ ನಕ್ಕಳು. "ಬಿಲ್ಲೆಗೇ ತಲೆ ಕೆಟ್ಟಿರ್ಬೇಕು ಬಿಡಮ್ಮ. ನೀನು ಗುಂಡುಕಲ್ಲಿನ ಹಾಗಿದೀಯ."

ಅವಳು ಆ ಮೂರು ತಿಂಗಳ ಫಿಲ್ಮ್‌ಗಳನ್ನು ಹುಡುಕಿ ಒಂದೊಂದಾಗಿ ದೀಪದ ಹಲಗೆಗೆ ಸಿಕ್ಕಿಸಿದಳು. ಏಳನೆಯದು ಒಂದು ಮಗುವಿನ ಸೊಂಟ. ಅಂಚಿನಲ್ಲಿ ಬೆಳ್ಳಗೆ ಒಂದು ಚೌಕ, ಅದಕ್ಕೊಂದು ಪುಟ್ಟ ಕೊಕ್ಕೆ.

ಕೈಕಾಲು ಬಡಿಯುವ ಮಕ್ಕಳನ್ನು ಅವಳೇ ಹಿಡಿದುಕೊಳ್ಳುತ್ತಿದ್ದಳು. ಹಿಡಿಯಬಾರದೆಂಬ ನಿಯಮ ಗೊತ್ತಿದ್ದೂ. ಲೆಕ್ಕ ಏರಿದರೆ ಕೆಲಸದಿಂದ ಎಬ್ಬಿಸುತ್ತಾರೆಂದು ಮೊದಲು ಬಿಲ್ಲೆ ಕಳಚಿ ಎಕ್ಸ್‌ರೇ ಮೇಜಿನ ಮೂಲೆಯಲ್ಲಿಡುತ್ತಿದ್ದಳು. ಒಂದೊಂದು ದಿನ ಸಂಜೆಯವರೆಗೂ ಅದು ಅಲ್ಲೇ. ಬಚ್ಚಿಡಲು ಹೋದದ್ದೇ ಕಿರಣದ ಬಾಯಿಗೆ ಬಿದ್ದಿತ್ತು.

'ಮೇಜಿನ ಮೇಲೆ ಮರೆತೆ' ಎಂದಷ್ಟೇ ಬರೆದರೆ ಸಾಕು. ಫಿಲ್ಮನ್ನು ತೆಗೆಯಲು ಕೈ ಚಾಚಿದವಳು ಅಲ್ಲೇ ನಿಂತಳು. ಮಗುವಿನ ತೊಡೆಯ ಸುತ್ತ ಐದು ಬೆರಳುಗಳ ಮೂಳೆ. ಅವಳದೇ ಉಂಗುರದ ದುಂಡು ಆಕಾರವೂ ಸ್ಪಷ್ಟ. ಇವಕ್ಕೆ ತಗಲಿದ್ದನ್ನು ಅಳೆದವರು ಯಾರು? ತೋಳಿನಿಂದ ತೆಗೆದ ರಕ್ತಕ್ಕೆ ಬೆರಳಿನ ಸುದ್ದಿ ಗೊತ್ತಿರುತ್ತದೆಯೇ? ಸಿಕ್ಕ ಆ ಒಂದು, ಎಲ್ಲರಲ್ಲೂ ಇರುವ ಒಂದೋ, ಈ ಮಗುವನ್ನು ಹಿಡಿದಾಗಿನ ಒಂದೋ? ಮಗಳು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಕೇಳಿದ್ದಳು, "ಅಮ್ಮಾ, ನಿಂಗೇನೂ ಆಗಿಲ್ಲ ತಾನೇ?"

ಪಕ್ಕದ ಕೋಣೆಯಲ್ಲಿ ಮಗುವೊಂದು ಚೀರಿತು. ಅವಳ ಬದಲಿಗೆ ಬಂದಿದ್ದ ಹೊಸಬ ಕೂಗಿದ, "ಅಕ್ಕಾ, ಒಂದ್ನಿಮಿಷ ಹಿಡ್ಕೊಳ್ತೀರಾ? ಇದು ನನ್ನ ಕೈಲಿ ನಿಲ್ತಿಲ್ಲ!"

"ಬಂದೆ ಇರಪ್ಪಾ," ಎನ್ನುವಷ್ಟರಲ್ಲಿ ಕೈ ತಾನಾಗಿ ಎದೆಗೆ ಹೋಯಿತು, ಬಿಲ್ಲೆ ಕಳಚಲು. ತಪಾಸಣೆಗೆ ಹೋಗಿದ್ದ ಬಿಲ್ಲೆ ಅಲ್ಲಿರಲಿಲ್ಲ. ಕೊಕ್ಕೆ ಕಚ್ಚಿ ಕಚ್ಚಿ ಕೋಟಿನ ಬಟ್ಟೆಯಲ್ಲಿ ಎರಡು ಸಣ್ಣ ತೂತು ಬಿದ್ದಿದ್ದವು. ಬೆರಳುಗಳು ಅವನ್ನೇ ಸವರುತ್ತ ನಿಂತವು.