ಹೇಳಿ ಮಾಡುವ ಸದ್ದು

ಬಾಗಿಲು ಹಾಕ್ತೀನಿ ಎಂದು ಸೊಸೆ ಕೂಗಿದಳು, ನನ್ನ ತಮ್ಮ ಹೋದನೆಂದು ಆಗಷ್ಟೇ ಫೋನ್ ಬಂದಿತ್ತು, ಆಸ್ಪತ್ರೆಗೆ ಹೊರಟು ನಿಂತಿದ್ದೆವು, ಕೂಗಿದವಳು ಚಿಲಕ ಹಿಡಿದೇ ನಿಂತಳು, ಯಾರಿಗೆ ಕೂಗಿದೆ ಮಾವ ಎಂದಳು, ಅಳುತ್ತಲೇ ನಕ್ಕಳು, ನಾನೂ ನಕ್ಕೆ — ನಮ್ಮ ಮನೆಯಲ್ಲಿ ಸದ್ದನ್ನು ಹೇಳಿಯೇ ಮಾಡಬೇಕು, ಕುಕ್ಕರ್ ಕೂಗುತ್ತೆ, ಪಾತ್ರೆ ಇಡ್ತೀನಿ, ಸೀನ್ತೀನಿ, ಸೀನೋಕೂ ಅಪ್ಪಣೆ ಬೇಕಾ ಎಂದು ನೆಂಟರು ನಗುತ್ತಿದ್ದರು, ಹೇಳದೆ ಮಾಡಿದರೆ ತಮ್ಮನ ಭುಜ ಕಿವಿಯವರೆಗೆ ಏರುತ್ತಿತ್ತು, ಏರಿದ್ದು ಇಳಿಯುತ್ತಿರಲಿಲ್ಲ — ನಾವು ದುಡಿಯುತ್ತಿದ್ದ ಗಿರಣಿಯ ಬಾಯ್ಲರ್ ಸಿಡಿದಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು, ಅದೇ ಹಬೆ, ಅದೇ ಕಿರುಚಾಟ, ನಾನು ಸಂಜೆ ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದೆ, ಅವನ ಮನಸ್ಸು ವರ್ಷಗಟ್ಟಲೆ ಆ ಕೋಣೆಯಿಂದ ಹೊರಗೇ ಬರಲಿಲ್ಲ, ಅಣ್ಣ ಹುಲಿ ತಮ್ಮ ಇಲಿ ಎಂದರು ಗಿರಣಿಯವರು, ಹುಲಿಯ ಗೊರಕೆಗೇ ಇಲಿಗೆ ನಿದ್ದೆ ಬರಲ್ಲ ಎಂದು ಅವನೇ ಅವರನ್ನೆಲ್ಲ ನಗಿಸಿದ, ನಗಿಸುವುದರಲ್ಲಿ ಅವನಿಗೆ ಯಾರು ಸಮ, ಸದ್ದಿಗೆ ಬೆಚ್ಚುವುದರಲ್ಲಿ ಅಮ್ಮನೂ ಹಾಗೆಯೇ, ಚಿಕ್ಕಂದಿನಲ್ಲಿ ಗೋಡೆ ಕುಸಿದು ಬದುಕಿ ಬಂದವಳು, ಕೊನೆಯವರೆಗೂ ಗೋಡೆಯ ಪಕ್ಕ ಮಲಗಲಿಲ್ಲ, ಲೋಟ ಬಿದ್ದರೆ ಅವಳ ಭುಜವೂ — ಡಾಕ್ಟರಮ್ಮ ಎಷ್ಟೋ ವರ್ಷದ ಮೇಲೆ ತಮ್ಮನನ್ನು ನೋಡಿ ಬಿಡಿಸಿ ಹೇಳಿದರು, ಇದು ಪುಕ್ಕಲುತನವಲ್ಲ, ಆಘಾತದಿಂದ ಬಂದ ಕಾಯಿಲೆ, ಒಂದೇ ಹೊಡೆತಕ್ಕೆ ಒಬ್ಬರು ಬೀಳುತ್ತಾರೆ ಒಬ್ಬರು ನಿಲ್ಲುತ್ತಾರೆ, ಅದರಲ್ಲಿ ವಂಶವಾಹಿಗಳ ಪಾಲೂ ಇದೆ, ಒಂದೆರಡಲ್ಲ, ಬಹಳ, ಒಂದೊಂದರದೂ ಚಿಟಿಕೆಯಷ್ಟು, ಒಡಹುಟ್ಟಿದವರಿಗೂ ಹಂಚಿಕೆ ಬೇರೆ ಬೇರೆ, ಅಂದರೆ ಅಮ್ಮನ ಆಸ್ತಿಯಲ್ಲಿ ಅಣ್ಣನಿಗೆ ಮೂಗು ನನಗೆ ಇದು ಎಂದ ತಮ್ಮ, ಡಾಕ್ಟರಮ್ಮ ನಕ್ಕು ಪೆನ್ನು ಬೀಳಿಸಿದರು, ಅವನ ಭುಜ ಏರಿತು.

ಈಗ ಅವನ ಮಗಳು ಹೊಸ್ತಿಲಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಾಳೆ, ಬಿಚ್ಚುತ್ತಾಳೆ, ಆಂಬುಲೆನ್ಸ್ ಕೆಲಸಕ್ಕೆ ಇವತ್ತೇ ಮೊದಲ ದಿನ, ಅಪ್ಪ ಹೋದ ಮೇಲೆ ಮುಂದೂಡುತ್ತಲೇ ಬಂದಳು, ರಕ್ತ, ಕೂಗಾಟ, ದಿನವೂ ಅದನ್ನೇ ನೋಡುವ ಕೆಲಸ, ದೊಡ್ಡಪ್ಪ, ಅಪ್ಪನ ಪಾಲು ನನಗೂ ಬಂದಿದ್ರೆ, ಬಂದಿರಬಹುದಮ್ಮ, ಸುಳ್ಳು ಯಾಕೆ ಹೇಳಲಿ, ಪಾಲು ಬಂದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತೆ ಅಂತ ಡಾಕ್ಟರಮ್ಮ ಹೇಳಲಿಲ್ಲ, ಬಂದ್ರೂ ಚಿಕಿತ್ಸೆ ಇದೆ, ನಿಮ್ಮಪ್ಪನಿಗೆ ಆಗ ಹೇಳೋರೇ ಇರಲಿಲ್ಲ, ನಿನಗೆ ಮನೆ ತುಂಬ ಇದ್ದೀವಿ, ಮತ್ತೆ ನಿಮ್ಮ ಗೊರಕೆ ಬಂದಿದ್ರೆ, ಅದಕ್ಕೆ ಮಾತ್ರ ಔಷಧಿ ಇಲ್ಲ ಕಣೇ — ಎದ್ದಳು, ಲೇಸು ಕಟ್ಟಿಯೇ ಎದ್ದಳು, ಗಾಡಿ ಬಂತು, ಹತ್ತಿದಳು, ಚಾಲಕ ಏನೂ ಹೇಳದೆ ಸೈರನ್ ಹಾಕಿಬಿಟ್ಟ, ಅವಳ ಭುಜ ಕಿವಿಯವರೆಗೆ ಏರಿತು, ತಮ್ಮನದೇ, ಅಮ್ಮನದೇ — ಇಳಿಯಿತು, ತಾನಾಗಿಯೇ ಇಳಿಯಿತು, ಅಣ್ಣಾ, ಇನ್ಮೇಲೆ ಹೇಳಿ ಹಾಕಿ ಎಂದಳು, ಚಾಲಕ ಕಕ್ಕಾಬಿಕ್ಕಿಯಾಗಿ ಸರಿ ಮೇಡಂ ಎಂದ, ಗಾಡಿ ತಿರುವು ದಾಟಿತು, ದೇವರೇ, ನನ್ನ ತಮ್ಮನನ್ನು ತಣ್ಣಗಿಡು, ಅವನು ಬಾಕಿ ಉಳಿಸಿದ ನಿದ್ದೆಯನ್ನೆಲ್ಲ ಕೊಡು, ಬೆಳಗಾದರೂ ಎಬ್ಬಿಸಬೇಡ, ಆ ಭುಜ ಇಳಿದಿರಲಿ, ಇಳಿದೇ ಇರಲಿ.