ಮುಂದಿನ ಹಲಗೆ

ಗಂಡ ತೀರಿಕೊಂಡ ಮೇಲೆ ಟೈಲರಮ್ಮ ಒಬ್ಬಳೇ ದೋಣಿ ನಡೆಸುವುದಕ್ಕೆಂದು ಹಗುರವಾದ ಹುಟ್ಟು ಕೊಳ್ಳಲು ಬಂದಳು. ಅಂಗಡಿಯವನು ಒಂದೊಂದನ್ನೇ ನೆಲಕ್ಕೂರಿ ಅವಳ ಗದ್ದದವರೆಗೆ ಅಳೆದ. ಊರಿನವರಿಗೆಲ್ಲ ಅಳತೆ ತೆಗೆದವಳು ಈಗ ಕೊರಡಿನ ಹಾಗೆ ನಿಂತಿದ್ದಳು.

“ಇದು ನಿಮಗೇ ಹೇಳಿ ಮಾಡಿಸಿದ ಹಾಗಿದೆ ಅಮ್ಮಾ. ಎದುರಿನ ಕೆರೆಯಲ್ಲಿ ನಮ್ಮ ದೋಣಿ ಇದೆ, ಹಾಕಿ ನೋಡಿ.”

ಇಪ್ಪತ್ತು ವರ್ಷದ ಅಭ್ಯಾಸ. ಮುಂದಿನ ಹಲಗೆಯ ಮೇಲೇ ಕೂತು ಎಡಗಡೆಗೇ ಹುಟ್ಟು ಹಾಕಿದಳು. ಹಿಂದಿನ ಹಲಗೆ, ಬಲಗಡೆ, ಎರಡೂ ಗಂಡನ ಪಾಲು. “ಮುಂದೆ ಕೂತವಳು ಹಿಂದೆ ತಿರುಗಿದ್ರೆ ದೋಣಿ ಹೊಯ್ದಾಡುತ್ತೆ ಕಣೇ,” ಎಂದು ಅವನು ಸದಾ ಗದರುತ್ತಿದ್ದ.

ದೋಣಿ ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತಿತು.

“ನಡುವೆ ಕೂತ್ಕೊಳ್ಳಿ ಅಮ್ಮಾ, ಹಿಂದೆ ಯಾರೂ ಇಲ್ಲ!” ಅಂಗಡಿಯವನು ದಡದಿಂದ ಕೂಗಿದ.

“ಗೊತ್ತಪ್ಪಾ,” ಎಂದಳು. ಆದರೂ ಹಿಂದೆ ತಿರುಗಲಿಲ್ಲ.