ಧಣಿ ಏರಿಸಿದ ಬಾವುಟ

ದೇವರಾಣೆಗೂ ನಿಜ, ಹಗ್ಗ ಕಿರುಗುಟ್ಟುತ್ತಿದೆ, ಬಾವುಟದ ಗಂಟು ಮೇಲೇರುತ್ತಿದೆ, ನದಿಯ ಮೀನೊಂದು ನನ್ನ ಹತ್ತಿರ ಹೊಗೆಸೊಪ್ಪು ಕೇಳಿತ್ತು ಅಂತ ಊರನ್ನೆಲ್ಲ ನಂಬಿಸಿದ ಡಾರ್ಕಸ್ ನಾನೇ, ಆದರೆ ಇದು ಕಣ್ಣೆದುರೇ ನಡೆಯುತ್ತಿದೆ, ಎಳೆಯುತ್ತಿರುವವನು ಸ್ವತಃ ಟಿಬ್ಸ್ ಧಣಿ — ಎಳಿ ಧಣಿ, ಎಳಿ, ಹಳೇ ಹಡಗಿನವನಲ್ಲವೇ, ಬಾವುಟವನ್ನು ಸುತ್ತಿಯೇ ಏರಿಸಬೇಕು, ತುದಿಯಲ್ಲೇ ಬಿಚ್ಚಬೇಕು, ಸುತ್ತಿ ಕಟ್ಟುವ ಚಾಕರಿ ಮಾತ್ರ ನನ್ನದು. ದೇಶದ ಸ್ವಾತಂತ್ರ್ಯದ ದಿನ, ಜುಲೈ ನಾಲ್ಕರ ಬಿಸಿಲು, ಸುಟ್ಟ ಹಂದಿಯ ವಾಸನೆ, ಕೆಂಟಕಿಯ ದೊಡ್ಡವರೆಲ್ಲ ಟೋಪಿ ತೆಗೆದು ನಿಂತಿದ್ದಾರೆ, ಒಕ್ಕೂಟದ ಸೈನ್ಯದ ನೀಲಿ ಕೋಟಿನ ಕ್ಯಾಪ್ಟನ್ನನ ಕೈ ಸಲಾಮಿಗೆ ಹಣೆಯತ್ತ ಏಳುತ್ತಿದೆ. ಹೊಸ ವರ್ಷದ ದಿನ ವಾಷಿಂಗ್ಟನ್ನಿನ ಅಧ್ಯಕ್ಷರು ಗುಲಾಮರನ್ನೆಲ್ಲ ಬಿಡಿಸಿದರಂತೆ ಎಂದು ಕೇಳಿ ಹಿಟ್ಟಿನ ಕೈಯಲ್ಲೇ ಕುಣಿದಿದ್ದೆ, ಧಣಿ ಹೊಟ್ಟೆ ಹಿಡಿದು ನಕ್ಕಿದ್ದ, ಅಯ್ಯೋ ಹುಚ್ಚಿ, ಅದು ದಂಗೆ ಎದ್ದ ಸೀಮೆಯೋರ ಆಳುಗಳಿಗೆ ಕಣೇ, ನಾನು ಅಧ್ಯಕ್ಷರ ಕಡೆ, ಒಕ್ಕೂಟದ ಪಕ್ಷ, ನಿನ್ನನ್ನ ಯಾರೂ ಬಿಡಿಸಲ್ಲ. ಥೂ! ಧಣಿ ದ್ರೋಹಿಯಾದರೆ ಆಳಿಗೆ ಬಿಡುಗಡೆ, ಧಣಿ ದೇಶಭಕ್ತನಾದರೆ ಆಳಿಗೆ ಸರಪಳಿ, ಇದ್ಯಾವ ಸೀಮೆ ನ್ಯಾಯ ಅಧ್ಯಕ್ಷರೇ, ದಂಗೆ ಎದ್ದ ಮಿಸಿಸಿಪ್ಪಿಯ ಕಟುಕನೊಬ್ಬನ ಚಾಟಿ ತಿಂದ ನನ್ನ ತಂಗಿ ಕೆಝಯಾ ಈಗ ನನಗಿಂತ ಪುಣ್ಯವಂತೆ! ದೇಶ ಒಡೆಯಬಾರದು ಅಂತ ನೀವು ಇವನನ್ನು ಓಲೈಸುತ್ತೀರಿ, ಇವನು ನಾಳೆ ನನ್ನ ಮಗಳು ಲೆಟ್ಟಿಯನ್ನು ತನ್ನ ಮಗಳ ಮದುವೆಗೆ ಬಳುವಳಿ ಕೊಟ್ಟು ಲೆಕ್ಸಿಂಗ್ಟನ್ನಿಗೆ ಕಳಿಸುತ್ತಾನೆ, ನನ್ನ ಮನೆ ಒಡೆದದ್ದು ಯಾವ ಲೆಕ್ಕಕ್ಕೆ? ಅಳಬೇಡ ಡಾರ್ಕಸ್, ನಿಂಗೊಂದು ಹೊಸ ಏಪ್ರನ್ ಕೊಡಿಸ್ತೀನಿ ಅಂದರು ಅಮ್ಮಾವ್ರು, ಏಪ್ರನ್ನಂತೆ, ಮಗಳ ಬದಲಿಗೆ! ಬೆಳಿಗ್ಗೆ ಒಕ್ಕೂಟದ ಬಾವುಟಕ್ಕೆ ಇಸ್ತ್ರಿ ಮಾಡುವಾಗ ನೆನಪಾಯಿತು, ದಂಗೆಕೋರರ ಸೈನ್ಯಕ್ಕೆ ಓಡಿಹೋದ ಇವನ ಕಿರಿಮಗ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಬಾವುಟ, ಸುಟ್ಟುಹಾಕೇ ಅದನ್ನ ಅಂದಿದ್ದ ಧಣಿ, ಹೂಂ ಧಣಿ ಅಂದಿದ್ದೆ — ತುದಿ ಮುಟ್ಟಿತು, ಧಣಿ ಹಗ್ಗ ಜಗ್ಗಿದ, ಬಿಚ್ಚಿಕೊಂಡಿತು, ದಂಗೆಕೋರರ ಬಾವುಟ ಪಟಪಟ, ಯಾರದೋ ಲೋಟ ಬಿದ್ದು ಒಡೆಯಿತು, ಯಾರೇ ಇದನ್ನ ಕಟ್ಟಿದ್ದು, ಧಣಿಯ ಗಂಟಲು ಹರಿಯುತ್ತಿದೆ, ಲೆಟ್ಟಿಯ ಬೆರಳು ನನ್ನ ಮುಷ್ಟಿಯಲ್ಲಿ, ಕ್ಯಾಪ್ಟನ್ನನ ಕೈ ಹಣೆ ಮುಟ್ಟದೆ ಅರ್ಧಕ್ಕೇ ನಿಂತಿದೆ — ನೋಡಿ ಸಾಹೇಬ್ರೇ, ಏರಿಸಿದೋರು ನಮ್ಮ ಧಣೀನೇ, ಊರೇ ನೋಡಿದೆ, ಇವರನ್ನ ದ್ರೋಹಿ ಅಂತ ಅನ್ನಿ, ಒಂದೇ ಒಂದು ಸಲ ಅನ್ನಿ, ಮಿಕ್ಕಿದ್ದು ನಾವು ತಾಯಿ ಮಗಳು ನೋಡ್ಕೋತೀವಿ — ಆ ಕೈ, ಮೇಲೂ ಇಲ್ಲ, ಕೆಳಗೂ ಇಲ್ಲ, ಆ ಕೈ